ಖಾಲಿ ಬಿಟ್ಟ ಹದಿನಾರು ಆವರ್ತ

ಮಂಗಳವಾರ ಬೆಳಿಗ್ಗೆ ಕೆಳಗಿನ ಪಟ್ಟಣದಿಂದ ಬಂದ ಪೊಲೀಸರು ಯಾತ್ಸೆಲಾ ಊರಿನ ಬ್ಯಾಂಡಿನ ಇಪ್ಪತ್ತಮೂರು ವಾದ್ಯಗಳನ್ನೂ ಒಂದು ಜೊತೆ ತಾಳವನ್ನೂ ಲಾರಿಗೆ ತುಂಬಿಕೊಂಡು ಹೋದರು. ಬರುವಾಗಲೇ ಟೈಪು ಮಾಡಿ ತಂದಿದ್ದ ಪಟ್ಟಿಯ ತಲೆಯಲ್ಲಿ ‘ಅಪರಾಧಕ್ಕೆ ಬಳಸಿದ ಸಾಮಗ್ರಿ’ ಎಂದಿತ್ತು. ಅದರ ಒಂದು ನಕಲನ್ನು ಊರ ಅಧ್ಯಕ್ಷ ಎಲಿಹಿಯೊನ ಕೈಗೆ ಕೊಟ್ಟರು.

ಅಪರಾಧ ನಡೆದದ್ದು ಕಾಡಿಗೆ ಹೋಗುವ ಕೂಡುರಸ್ತೆಯಲ್ಲಿ. ಒಹಾಕಾ ಪ್ರಾಂತ್ಯದ ಆ ಬೆಟ್ಟಸಾಲಿನಲ್ಲಿ, ಊರಿನ ನೆತ್ತಿಯ ಮೇಲಿದ್ದ ಪೈನ್ ಕಾಡನ್ನು ಸರ್ಕಾರ ಇಪ್ಪತ್ತೈದು ವರ್ಷಕ್ಕೆ ಮರದ ಕಂಪನಿಗೆ ಬರೆದುಕೊಟ್ಟ ಸುದ್ದಿ ಊರಿಗೆ ತಿಳಿದದ್ದು ಲಾರಿಗಳು ಬಂದು ನಿಂತ ಮೇಲೆ. ಆಗ ಬ್ಯಾಂಡಿನವರು ರಸ್ತೆಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತು ಹನ್ನೊಂದು ದಿನ ನುಡಿಸಿದರು. ಒಂದು ಕಲ್ಲು ತೂರಲಿಲ್ಲ, ಒಂದು ಮಚ್ಚು ಎತ್ತಲಿಲ್ಲ. ಮೊದಲ ದಿನ ಲಾರಿಯವರು ಹಾರ್ನು ಒತ್ತಿದರು. ಬ್ಯಾಂಡಿನ ಅತಿ ದೊಡ್ಡ ಕೊಳವೆವಾದ್ಯ ಟ್ಯೂಬಾದ ಫಿದೆನ್ಸಿಯೊ ಆ ಹಾರ್ನಿಗೇ ಶ್ರುತಿ ಸೇರಿಸಿ ಊದಿದ. ನಾಲ್ಕನೆಯ ದಿನ ಲಾರಿಯವರೇ ಇಳಿದು ಬಂದು ತಂತಮ್ಮ ಊರಿನ ಹಾಡು ಹೇಳಿ ನುಡಿಸಿಕೊಂಡರು. ಹನ್ನೆರಡನೆಯ ದಿನ ಪೊಲೀಸರು ಬಂದರು.

ಉಳಿದೆಲ್ಲ ವಾದ್ಯಗಳು ಬ್ಯಾಂಡುಮನೆಯ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಒಂದು ಮಾತ್ರ ಬ್ಯಾಂಡು ನಡೆಸುತ್ತಿದ್ದ ಕಾಸ್ತುಲೊ ಮೇಷ್ಟ್ರ ಮಂಚದ ಕೆಳಗಿತ್ತು. ಅದು ಅವರ ಬೊಂಬಾರ್ದಿನೊ, ಕೂಸನ್ನು ಎತ್ತಿಕೊಂಡ ಹಾಗೆ ತಬ್ಬಿ ಹಿಡಿದು ಊದುವ ದಪ್ಪ ಕೊಳವೆಯ ಹಿತ್ತಾಳೆ ವಾದ್ಯ. ಎದೆನೋವಿನಿಂದ ಮಲಗಿದ್ದ ಮೇಷ್ಟ್ರನ್ನು ಒಬ್ಬ ಪೊಲೀಸ ಗೋಡೆಯ ಕಡೆಗೆ ಒತ್ತರಿಸಿ, ಮಂಚದಡಿಗೆ ತೆವಳಿ ಅದನ್ನು ಎಳೆದುಕೊಂಡ. “ತಪ್ಪು ತಿಳೀಬೇಡಿ ತಾತ, ಪಟ್ಟೀಲಿ ಇಪ್ಪತ್ತಮೂರು ಅಂತಿದೆ,” ಅಂದ.

ಆಮೇಲಿನ ಎರಡು ದಿನ ಮೇಷ್ಟ್ರ ಬಲಗೈಯ ಮೂರು ಬೆರಳು ಕಂಬಳಿಯ ಮೇಲೆ ಸುಮ್ಮನಿರಲಿಲ್ಲ. ಬೊಂಬಾರ್ದಿನೊಗೆ ಒತ್ತುವ ಗುಂಡಿ ಮೂರೇ. ಮಗಳು ಎದುವಿಹೆಸ್, ಊರಿನ ಬಾಯಲ್ಲಿ ದುವಿ, ಪಕ್ಕದಲ್ಲಿ ಕೂತು ಆ ಬೆರಳುಗಳನ್ನು ಓದುತ್ತಿದ್ದಳು. ಬ್ಯಾಂಡಿನಲ್ಲಿ ಅವಳದು ಮೊದಲ ಕ್ಲಾರಿನೆಟ್ಟು; ಇಪ್ಪತ್ತಮೂರು ಜನರಿಗೂ ಸ್ವರದ ಹಾಳೆ ನಕಲು ಮಾಡಿಕೊಡುವವಳೂ ಅವಳೇ. ಅಪ್ಪ ಯಾವ ಹಾಡಿನ ಯಾವ ಸಾಲಿನಲ್ಲಿದ್ದಾನೆ ಎಂದು ಬೆರಳು ನೋಡಿ ಹೇಳಬಲ್ಲಳು.

“ಬಂತೇನವ್ವಾ?” ಅನ್ನುತ್ತಿದ್ದ ಅಪ್ಪ.

“ಬತ್ತಾ ಐತಪ್ಪ. ದಾರೀಲೈತೆ.”

ಗುರುವಾರ ಮಧ್ಯಾಹ್ನ ಅದೇ ಸುಳ್ಳನ್ನು ಏಳನೆಯ ಸಲವೋ ಎಂಟನೆಯ ಸಲವೋ ಹೇಳಿ ಮುಗಿಸುವಷ್ಟರಲ್ಲಿ ಬೆರಳುಗಳು ನಿಂತಿದ್ದವು. ಸಾಲು ಮುಗಿದಿರಲಿಲ್ಲ.

ಮೈ ತೊಳೆದು ಬಟ್ಟೆ ಬದಲಿಸುವಾಗ ಅಂಗಿಯ ಜೇಬಿನಲ್ಲಿ ಬೊಂಬಾರ್ದಿನೊದ ತುಟಿಗಿಡುವ ತುಂಡು ಸಿಕ್ಕಿತು. ಬೆಟ್ಟದ ಚಳಿಗೆ ಹಿತ್ತಾಳೆ ತುಟಿಗೆ ಕಚ್ಚುತ್ತದೆಂದು ಊದುವವರು ಅದನ್ನು ಬಿಚ್ಚಿ ಎದೆಯ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತಾರೆ. ಪೊಲೀಸರ ಪಟ್ಟಿಗೆ ಅದು ಗೊತ್ತಿರಲಿಲ್ಲ. ದುವಿ ಅದನ್ನು ಮುಷ್ಟಿಯಲ್ಲಿ ಹಿಡಿದವಳು ಮತ್ತೆ ಕೆಳಗಿಡಲಿಲ್ಲ.

ಬ್ಯಾಂಡಿನವನು ಸತ್ತರೆ ಯಾತ್ಸೆಲಾದಲ್ಲಿ ಎರಡು ಕೆಲಸ ಆಗಲೇಬೇಕು. ಅವನ ವಾದ್ಯ ಶವಪೆಟ್ಟಿಗೆಯ ಮೇಲೆ ಕೂತು ಸ್ಮಶಾನದ ತನಕ ಹೋಗಬೇಕು. ಬ್ಯಾಂಡು ಅವನ ಮುಂದೆ ಮಣ್ಣಿನ ಮೆರವಣಿಗೆಯ ಹಾಡನ್ನು ನುಡಿಸಬೇಕು. ನುಡಿಸುವಾಗ ಅವನ ಪಾಲನ್ನು ಯಾರೂ ತುಂಬಬಾರದು, ಖಾಲಿ ಬಿಡಬೇಕು. ನಲವತ್ತೊಂದು ವರ್ಷ ಊರಿನ ಹೆಣಗಳನ್ನೆಲ್ಲ ಊದಿ ಕಳಿಸಿಕೊಟ್ಟ ಮನುಷ್ಯ ಇವತ್ತು ಬರಿಮೈಯ ಪೆಟ್ಟಿಗೆಯಲ್ಲಿ, ಊರಿನ ನಾಯಿ ಬೊಗಳುವ ಸದ್ದಿನಲ್ಲಿ ಹೋಗಬೇಕೇ? ಸಾವಿನ ಮನೆಗೆ ಬಂದವರೆಲ್ಲರ ಬಾಯಲ್ಲೂ ಅದೇ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ದುವಿ ಅಂಗಳವನ್ನು ಮೂರನೆಯ ಸಲ ಗುಡಿಸುತ್ತಿದ್ದಳು. ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಬೆರಳು ಲಂಗದ ಮೇಲೆ ಕ್ಲಾರಿನೆಟ್ಟಿನ ರಂಧ್ರಗಳನ್ನು ಹುಡುಕುತ್ತಿದ್ದವು. ಒಳಗೆ ಧೂಪದ ಹೊಗೆ, ಬಿಳಿ ಹೂವು, ಪೆಟ್ಟಿಗೆ. ಹಿತ್ತಲಲ್ಲಿ ಹೆಂಗಸರು ಮುಸುಕಿನ ಜೋಳದ ರೊಟ್ಟಿ ತಟ್ಟುತ್ತಿದ್ದರು. ಅವರೆಲ್ಲರಿಗಿಂತ ದೊಡ್ಡ ದನಿ ಸಾತುರ್ನಿನಾ ಅತ್ತೆಯದು, ಸತ್ತವರ ತಂಗಿ.

“ಆ ಪೊರಕೆ ಕೆಳಗಿಡೆ. ಅಂಗಳದ ಮಣ್ಣೆಲ್ಲ ಗುಡಿಸಿ ಪಾತಾಳ ತೋರಿಸ್ತೀಯೇನು?”

ಜೀಪಿನ ಸದ್ದು ಕೇಳಿತು. ಇಳಿದವನ ಒಂದು ಕೈಯಲ್ಲಿ ಮೇಣದ ಬತ್ತಿ, ಇನ್ನೊಂದರಲ್ಲಿ ಮೆಸ್ಕಾಲ್ ಸಾರಾಯಿಯ ಸೀಸೆ. ಪಾಲಿಶು ಮಾಡಿದ ಬೂಟು. ಹೆಸರು ಬರ್ರಗಾನ್. ಕಣಿವೆಯಾಚೆಯ ಲಾಚಿರಿಯೊ ಊರಿನವನು. ಚಿಕ್ಕಂದಿನಲ್ಲಿ ಎರಡು ವರ್ಷ ಕಾಸ್ತುಲೊ ಮೇಷ್ಟ್ರ ಹತ್ತಿರ ಸ್ವರಪಾಠ ಕಲಿತು, ಕೆಳಗಿನ ಪಟ್ಟಣಕ್ಕೆ ಓದಲು ಹೋಗಿ, ಈಗ ರಸ್ತೆ ಇಲಾಖೆಯ ಸಾಹೇಬನಾಗಿದ್ದ. ಮಾತು ಮಾತ್ರ ಇನ್ನೂ ಬೆಟ್ಟದ್ದೇ. ಅಂಚು ಕೊಂಚ ತೇಯ್ದಿತ್ತು.

ಅವನು ಬತ್ತಿ ಹಚ್ಚಿ ಪೆಟ್ಟಿಗೆಯ ತಲೆಯ ಕಡೆ ಇಟ್ಟು, ಮಂಡಿಯೂರಿ, ಎದ್ದು ಕಣ್ಣೊರೆಸಿಕೊಂಡ. “ನಂಗೆ ದೊ ರೆ ಮಿ ಹೇಳಿಕೊಟ್ಟೋರು,” ಅಂದ ಎಲ್ಲರಿಗೂ ಕೇಳುವ ಹಾಗೆ. “ತಾಳ ತಪ್ಪಿದಾಗ ಬೆನ್ನಿಗೆ ಎರಡು ಬಿಟ್ಟಿದ್ದೂ ಇದೆ.”

“ಎರಡು ಸಾಕಾಗ್ಲಿಲ್ಲ ಅನ್ಸತ್ತೆ,” ಅಂದ ಮೂಲೆಯಿಂದ ಫಿದೆನ್ಸಿಯೊ. ಟ್ಯೂಬಾ ಊದುವ ಫಿದೆನ್ಸಿಯೊ ಕಡ್ಡಿಯ ಹಾಗಿದ್ದ. ಅಷ್ಟು ದೊಡ್ಡ ವಾದ್ಯಕ್ಕೆ ಉಸಿರು ಎಲ್ಲಿಂದ ತರುತ್ತಾನೆಂದು ಊರಿಗೇ ಅನುಮಾನ.

ಬರ್ರಗಾನ್ ನಕ್ಕು ಸೀಸೆಯನ್ನು ಎಲಿಹಿಯೊನ ಮುಂದಿಟ್ಟ. ಎಲಿಹಿಯೊ ಮೇಷ್ಟ್ರ ಚಿಕ್ಕಪ್ಪನ ಮಗ, ಈ ವರ್ಷ ಊರಿನ ಅಧ್ಯಕ್ಷತೆಯ ಬೆತ್ತ ಅವನ ಕೈಗೆ ಬಂದಿತ್ತು. ಸಂಬಳವಿಲ್ಲದ, ಬೈಗುಳ ಮಾತ್ರ ಇರುವ ಕೆಲಸ. ಸಾವಿನ ಮನೆಗೆ ಸೀಸೆ ತಂದವನಿಗೆ ಮುಖ ತಿರುಗಿಸುವುದು ಎಲ್ಲಾದರೂ ಉಂಟೇ? ಸೋರೆಬುರುಡೆಯ ಪುಟ್ಟ ಬಟ್ಟಲಿಗೆ ಬಗ್ಗಿಸಿ, ಮೊದಲ ಹನಿಗಳನ್ನು ಸತ್ತವರಿಗೆಂದು ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಕುಡಿದ.

ಬಟ್ಟಲು ಕೆಳಗಿಟ್ಟ ಮೇಲೆ ಜೀಪಿನ ಚಾಲಕ ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬರ್ರಗಾನ್ ಅದನ್ನು ಇಸಕೊಂಡು, ಬಟ್ಟೆ ತೆಗೆದು, ಸೀಸೆಯ ಪಕ್ಕದಲ್ಲಿಟ್ಟ. ಹನ್ನೆರಡು ದುಂಡನೆಯ ಬನ್ನು.

ಮನೆಯೊಳಗಿನ ಮಾತು ನಿಂತುಹೋಯಿತು. ಹಿತ್ತಲಿನ ರೊಟ್ಟಿಯ ಸದ್ದೂ ನಿಂತಿತು.

ಯಾತ್ಸೆಲಾದಲ್ಲಿ ಸಾವಿಗೆ ಬರುವವರು ಬತ್ತಿ ತರುತ್ತಾರೆ, ಬ್ಯಾಂಡು ಬೇಕೆಂದು ಕೇಳಲು ಬರುವವರು ಬನ್ನು ತರುತ್ತಾರೆ. ಸೀಸೆ ಎರಡಕ್ಕೂ ಒಂದೇ. ಬನ್ನಿನ ಜೊತೆ ಬಂದ ಸೀಸೆಯಿಂದ ಒಂದು ಗುಟುಕು ಗಂಟಲಲ್ಲಿ ಇಳಿದರೆ ಬ್ಯಾಂಡು ಒಪ್ಪಿದ ಹಾಗೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡ ಊರು ಆ ಬೆಟ್ಟಸಾಲಿನಲ್ಲಿ ಒಂದೂ ಇರಲಿಲ್ಲ. ಅದಕ್ಕೇ ತಿಳಿದವರು ಮೊದಲು ಬುಟ್ಟಿ ಎಲ್ಲಿದೆಯೆಂದು ನೋಡಿ ಆಮೇಲೆ ಬಟ್ಟಲಿಗೆ ಕೈ ಹಾಕುತ್ತಾರೆ. ಕೋಟು ತೊಟ್ಟವರು ನೂರು ಜನ ಬಂದರೂ ಈ ಮೋಸ ಮಾಡಲು ಅವರಿಗೆ ಗೊತ್ತಾಗುತ್ತಿರಲಿಲ್ಲ. ಇಲ್ಲೇ ಹುಟ್ಟಿದವನಿಗೇ ಗೊತ್ತಿದ್ದದ್ದು.

“ನಾಳೆ ಹನ್ನೊಂದಕ್ಕೆ ಕೂಡುರಸ್ತೇಲಿ ಹೊಸ ರಸ್ತೆ ಉದ್ಘಾಟನೆ,” ಅಂದ ಬರ್ರಗಾನ್. “ಮಂತ್ರಿಗಳು ಬರ್ತಾರೆ. ಬ್ಯಾಂಡು ಬರಬೇಕು. ಒಂದೇ ಒಂದು ದಿಯಾನಾ.”

ದಿಯಾನಾ ಎಂದರೆ ದೊಡ್ಡವರು ಊರಿಗೆ ಕಾಲಿಟ್ಟಾಗ ಊದುವ ಮೊಳಗು. ಎರಡು ನಿಮಿಷದ್ದು.

“ಯಾವುದ್ರಲ್ಲಿ ಊದೋದು, ಮೂಗಲ್ಲಾ?” ಅಂದ ಫಿದೆನ್ಸಿಯೊ.

“ಎಲ್ಲಾ ವಾದ್ಯನೂ ಲಾರೀಲಿ ಅಲ್ಲಿಗೇ ಬರತ್ತೆ. ಒರೆಸಿ ಇಡಿಸಿದೀನಿ. ದಿಯಾನಾ ಮುಗಿದ ಮರುಗಳಿಗೆ ನಿಮ್ಮದು. ಅಲ್ಲಿಂದಲೇ ಮೇಷ್ಟ್ರನ್ನ ಮೆರವಣಿಗೇಲಿ ಕರ್ಕೊಂಡು ಹೋಗಿ. ಬೊಂಬಾರ್ದಿನೊ ಪೆಟ್ಟಿಗೆ ಮೇಲೆ ಇರತ್ತೆ.” ಅವನು ದುವಿಯ ಕಡೆ ತಿರುಗಿದ. “ಇಲ್ಲಾಂದ್ರೆ ಕೋರ್ಟಿಗೆ ಹೋಗತ್ತಮ್ಮಾ. ಕೋರ್ಟಿನ ಗೋದಾಮಿನಲ್ಲಿ ಇಲಿ ಜಾಸ್ತಿ. ಕ್ಲಾರಿನೆಟ್ಟಿನ ಮೆತ್ತೆ ಅಂದ್ರೆ ಅವಕ್ಕೆ ಪ್ರಾಣ.”

ದುವಿ ಪೊರಕೆ ಕೆಳಗಿಡದೆ ಕೇಳಿದಳು: “ಎರಡು ವರ್ಷದ ಕೆಳಗೆ ಲಾಚಿರಿಯೊದೋರೂ ಊದಿದ್ರಲ್ಲ ಮಂತ್ರಿ ಮುಂದೆ. ಕಾಡು ಹೋದ್ಮೇಲೆ ನಿಮ್ಮಮ್ಮ ಈಗ ನೀರು ಎಲ್ಲಿಂದ ತರ್ತಾಳೆ ಸಾಹೇಬ್ರೇ?”

“ನಲ್ಲಿ ಹಾಕಿಸಿಕೊಟ್ಟಿದೀನಿ.”

“ನಲ್ಲಿ ಗೊತ್ತು. ನೀರು?”

ಬರ್ರಗಾನ್ ಟೋಪಿ ಹಾಕಿಕೊಂಡ. “ಹನ್ನೊಂದಕ್ಕೆ,” ಅಂದು ಜೀಪು ಹತ್ತಿದ.

ಅವನು ಹೋದ ಮೇಲೆ ಮನೆ ಜೇನುಹುಟ್ಟಿಗೆ ಕೋಲು ಹಾಕಿದ ಹಾಗಾಯಿತು. ಎಲಿಹಿಯೊ ಎರಡು ಕೈಯಲ್ಲೂ ಬೆತ್ತವನ್ನು ಹಿಡಿದು ಕೂತಿದ್ದ, ಬಿಟ್ಟರೆ ಅದೇ ತನ್ನ ತಲೆಗೆ ಹೊಡೆಯುತ್ತದೆ ಎನ್ನುವ ಹಾಗೆ.

“ನನ್ನ ಗಂಟಲು ಸುಟ್ಟುಹೋಗ,” ಅಂದ. “ಬತ್ತಿ ನೋಡ್ದೆ ಕಣವ್ವಾ. ಬತ್ತಿ ಮಾತ್ರ ನೋಡ್ದೆ. ಆದ್ರೆ ಕುಡಿದಾಗೈತೆ. ನಾನು ಕುಡಿದ್ರೆ ಊರು ಕುಡಿದಂಗೆ. ಮೇಷ್ಟ್ರಿಲ್ಲದ ಮೇಲೆ ಬ್ಯಾಂಡು ನಡಿಸೋಳು ಹಾಳೆ ಬರಿಯೋ ನೀನು. ನೀನೇ ಕರ್ಕೊಂಡು ಹೋಗ್ಬೇಕು.”

“ಹೋಗ್ತಾಳೆ, ಹೋಗ್ದೆ ಏನು?” ಅತ್ತೆ ಹಿಟ್ಟಿನ ಕೈಯಲ್ಲೇ ಬಂದಳು. “ಎರಡು ನಿಮಿಷ ಊದಿದ್ರೆ ನಿನ್ನ ತುಟಿ ಸವೆದು ಹೋಗತ್ತಾ? ಆ ಮಂತ್ರಿ ಮುಖಕ್ಕೆ ಊದು, ಉಗಿದಂಗೆ ಊದು. ನನ್ನ ಅಣ್ಣನ್ನ ಮೂಕನ ಹಂಗೆ ಮಣ್ಣಿಗೆ ಹಾಕ್ತೀಯೇನೆ? ಸಾಯೋ ತನಕ ‘ಬಂತಾ, ಬಂತಾ’ ಅಂದ. ಅದು ನಾಳೆ ಬರತ್ತೆ ಅಂತಾವ್ರೆ. ನೀನು ಬೇಡ ಅಂತೀಯಾ?”

ಬೇಡ ಎಂದು ದುವಿ ಹೇಳಿರಲಿಲ್ಲ. ಬೇಡ ಅನ್ನುವ ಮಾತು ಬಾಯಿಗೆ ಬಂದಿದ್ದರೆ ಅಷ್ಟು ಸಂಕಟವಿರುತ್ತಿರಲಿಲ್ಲ. ಬೊಂಬಾರ್ದಿನೊ ಬೇಕಿತ್ತು. ಅದರ ಬಾಯಂಚಿನಲ್ಲಿ ಅವಳು ಏಳು ವರ್ಷದವಳಿದ್ದಾಗ ಕೆಡವಿ ಮಾಡಿದ ತಗ್ಗಿನ ಸಮೇತ ಬೇಕಿತ್ತು. ಅಪ್ಪ ಅವತ್ತು ಹೊಡೆಯಲಿಲ್ಲ, ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ‘ನಂಗೆ ಹಿಡಿಯೋಕೆ ಒಳ್ಳೆ ಜಾಗ ಮಾಡ್ಕೊಟ್ಟೆ’ ಅಂದಿದ್ದ.

“ಒಂದು ಉಪಾಯ ಐತೆ,” ಅಂದ ಫಿದೆನ್ಸಿಯೊ. “ವಾದ್ಯ ಕೈಗೆ ಬರ್ಲಿ. ಬಂದ್ಮೇಲೆ ದಿಯಾನಾ ಬಿಟ್ಟು ಮಣ್ಣಿನ ಹಾಡು ಊದಾಣ. ಯಾವ ಹಾಡು ಅನ್ನೋದು ಬ್ಯಾಂಡು ನಡಿಸೋರ ಇಷ್ಟ. ಬನ್ನು ತಂದೋನು ಅದನ್ನ ಕೇಳಂಗಿಲ್ಲ. ಮಾತೂ ಉಳೀತು, ಮಾನಾನೂ ಉಳೀತು.”

ಎಲ್ಲರ ಮುಖ ಅರಳಿತು. ದುವಿ ತಲೆಯಾಡಿಸಿದಳು.

“ಲಾಚಿರಿಯೊದೋರು ಏನು ಊದಿದ್ರು ಅಂತ ಗೊತ್ತಾ ನಿಂಗೆ?”

“ದಿಯಾನಾ.”

“ಅಲ್ಲ. ಅವ್ರೂ ಇಂಗೇ ಮಾಡಿದ್ರು. ಸತ್ತೋರಿಗೆ ನುಡಿಸೋ ವಾಲ್ಟ್ಸ್ ಹಾಡು ಊದಿ ಬಂದ್ರು, ಗೆದ್ದೋ ಅಂತ ಕುಣಿದ್ರು. ಮಾರನೇ ದಿನ ಪೇಪರಿನಲ್ಲಿ ಫೋಟೊ ಬಂತು. ಮಂತ್ರಿ ಹಿಂದೆ ಬ್ಯಾಂಡು, ಕೈಯಲ್ಲಿ ವಾದ್ಯ, ತುಟಿ ಮೇಲೆ ವಾದ್ಯ. ಕೆಳಗೆ, ಊರಿನೋರು ವಾದ್ಯಸಮೇತ ಸ್ವಾಗತ ಮಾಡಿದ್ರು ಅಂತ. ಅದನ್ನೇ ಒಪ್ಪಿಗೆ ಅಂತ ಕೋರ್ಟಿಗೂ ಹಾಕಿದ್ರು. ಫೋಟೊದಲ್ಲಿ ಯಾವ ಹಾಡು ಅಂತ ಕೇಳ್ಸಲ್ಲ ಫಿದೆನ್ಸಿಯೊ.”

ದುವಿ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಬ್ಯಾಂಡುಮನೆಯ ಕಡೆ ಹೊರಟಳು.

ಬ್ಯಾಂಡುಮನೆಯ ಬೀಗವನ್ನು ಪೊಲೀಸರು ಮುರಿದಿದ್ದರು. ಗೋಡೆಯಲ್ಲಿ ಮೊಳೆಗಳಿದ್ದವು, ಮೊಳೆಯ ಕೆಳಗೆ ವಾದ್ಯದ ಆಕಾರದಲ್ಲಿ ಸುಣ್ಣ ಬೆಳ್ಳಗೆ ಉಳಿದಿತ್ತು. ಈ ಗೋಡೆಗೆ ಮೊದಲ ಟ್ಯೂಬಾವನ್ನು ಅಜ್ಜಂದಿರು ರೈಲಿನ ಊರಿನಿಂದ ಆರು ದಿನ ಬೆನ್ನ ಮೇಲೆ ಹೊತ್ತು ತಂದಿದ್ದರು. ಮಳೆ ಬಂದಾಗ ತಮ್ಮ ಕಂಬಳಿ ತೆಗೆದು ಅದಕ್ಕೆ ಹೊದಿಸಿದ್ದರು. ವಾದ್ಯ ಯಾರೊಬ್ಬರದೂ ಅಲ್ಲ, ಊರಿನದು. ಊದುವವನು ಸಾಯುತ್ತಾನೆ, ಅದು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ದುವಿ ಮೊಳೆಯಿಂದ ಮೊಳೆಗೆ ಕೈಯಾಡಿಸುತ್ತ ಎರಡು ಸುತ್ತು ನಡೆದಳು. ಮೂಲೆಯ ಪೆಟ್ಟಿಗೆಯಲ್ಲಿ ಸ್ವರದ ಹಾಳೆಗಳು ಹಾಗೇ ಇದ್ದವು. ಕಾಗದವನ್ನು ಪೊಲೀಸರು ಮುಟ್ಟಿರಲಿಲ್ಲ. ಅದರಿಂದ ಅಪರಾಧ ಆಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮಣ್ಣಿನ ಹಾಡಿನ ಹಾಳೆಗಳನ್ನು ಹುಡುಕಿ ತೆಗೆದಳು. ಎಲ್ಲ ಅವಳದೇ ಅಕ್ಷರ. ಬೊಂಬಾರ್ದಿನೊದ ಹಾಳೆಯಲ್ಲಿ ಮೂರನೆಯ ಭಾಗ ಬಂದಾಗ ಉಳಿದವರಿಗೆಲ್ಲ ಹದಿನಾರು ಆವರ್ತ ಬಿಡುವು, ಅದೊಂದೇ ನುಡಿಯಬೇಕು. ಬಿಡುವಿನಲ್ಲಿ ಯಾರಾದರೂ ಕೆಮ್ಮಿದರೆ, ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದರೆ ಮೇಷ್ಟ್ರ ಕಣ್ಣು ಕೆಂಪಾಗುತ್ತಿತ್ತು. “ಅದೂ ಬರೆದಿದ್ದೇ ಕಣ್ರೋ. ಬರೆದಿದ್ದನ್ನ ನುಡಿಸಿ,” ಅನ್ನುತ್ತಿದ್ದರು. ಉದ್ದನೆಯ ಬಿಡುವಿನಲ್ಲಿ ನಾಲ್ಕು ಆವರ್ತಕ್ಕೊಂದರಂತೆ ಬೆರಳೆತ್ತಿ ತೋರಿಸುತ್ತಿದ್ದರು.

ಹಾಳೆಗಳನ್ನು ಎದೆಗವಚಿಕೊಂಡು ಮನೆಯ ಹಿತ್ತಲಿಗೆ ಬಂದಾಗ ಫಿದೆನ್ಸಿಯೊ ಸೌದೆ ಒಡೆಯುತ್ತಿದ್ದ. ಸಾವಿನ ಮನೆಯ ಒಲೆ ಆರಬಾರದು. ಕೊಡಲಿ ಮೇಲೇಳುವಾಗ ಉಸಿರು, ಕೆಳಗಿಳಿಯುವಾಗ ಎದೆಯ ಆಳದಿಂದ ಒಂದು ಸ್ವರ. “ದೊ… ಸೊಲ್… ದೊ… ಸೊಲ್…” ತನಗೇ ಗೊತ್ತಿಲ್ಲದೆ ಟ್ಯೂಬಾದ ಪಾಲನ್ನು ಹೆಸರಿಟ್ಟು ಕರೆಯುತ್ತಿದ್ದ. ಯಾತ್ಸೆಲಾದಲ್ಲಿ ಯಾರೂ ಮೊದಲ ದಿನವೇ ವಾದ್ಯ ಮುಟ್ಟುವ ಹಾಗಿಲ್ಲ. ಎರಡು ವರ್ಷ ಬರಿ ಬಾಯಲ್ಲಿ ಸ್ವರದ ಹೆಸರು ಹಾಡಬೇಕು, ಕೈಯಲ್ಲಿ ತಾಳ ಹಾಕಬೇಕು. ಹಾಗೆ ಕಲಿತದ್ದು ಹೊಲದಲ್ಲಿ, ಸೌದೆ ಒಡೆಯುವಲ್ಲಿ, ನಿದ್ದೆಯಲ್ಲೂ ಬಾಯಿಗೆ ಬರುತ್ತದೆ.

ದುವಿ ಅಲ್ಲೇ ನಿಂತಳು. ಕೊಡಲಿಯ ಮುಂದಿನ ಪೆಟ್ಟಿಗೆ ಸರಿಯಾಗಿ ಅವಳ ಬಾಯಿಂದ ಕ್ಲಾರಿನೆಟ್ಟಿನ ಸಾಲು ಹೊರಟಿತು: “ಮಿ ಫಾ ಮಿ ರೆ… ದೊ…”

ಫಿದೆನ್ಸಿಯೊ ತಿರುಗಿ ನೋಡಿದ, ಕೊಡಲಿ ನಿಲ್ಲಿಸಲಿಲ್ಲ. ನಾಲ್ಕು ಸಾಲು ಹೀಗೇ ಹೋಯಿತು. ಹಿತ್ತಲ ಗೋಡೆಗೊರಗಿ ಸಿಗರೇಟು ಸೇದುತ್ತಿದ್ದ ಟ್ರಂಪೆಟ್ಟಿನ ಇಬ್ಬರು ಅಣ್ಣತಮ್ಮಂದಿರು ತಮ್ಮ ಸಾಲು ಬಂದಾಗ ಬಾಯಿ ತೆರೆದರು. ಸಾತುರ್ನಿನಾ ಅತ್ತೆ ರೊಟ್ಟಿ ಹಂಚಿನ ಮೇಲೇ ಬಿಟ್ಟು ಎದ್ದು ಬಂದಳು. ರೊಟ್ಟಿ ಕರಕಲಾಯಿತು.

“ಬನ್ನು ತಂದೋನು ಏನು ಕೇಳ್ದ?” ಅಂದಳು ದುವಿ, ಏದುಸಿರಿನಲ್ಲಿ. “ಬ್ಯಾಂಡು ಬರ್ಬೇಕು ಅಂದ. ಬ್ಯಾಂಡು ಹೋಗತ್ತೆ ಚಿಕ್ಕಪ್ಪಾ. ಹನ್ನೊಂದಕ್ಕೆ ಸರಿಯಾಗಿ ಹೋಗತ್ತೆ. ಕೈ ಮಾತ್ರ ಖಾಲಿ ಇರ್ಬೇಕು. ಯಾರೂ ಏನೂ ಮುಟ್ಟಂಗಿಲ್ಲ.”

“ನಿನ್ನ ಅಪ್ಪನ ಬೊಂಬಾರ್ದಿನೊ ಕಣ್ಣೆದುರಿಗೇ ಇರತ್ತೆ ಕಣೆ,” ಅಂದಳು ಅತ್ತೆ. ದನಿ ಚಿಕ್ಕದಾಗಿತ್ತು. “ಮುಟ್ಟದೆ ಇರ್ತೀಯಾ ನೀನು?”

ದುವಿ ಮತ್ತೆ ಪೊರಕೆ ಎತ್ತಿಕೊಂಡಳು.

ಶನಿವಾರ ಬೆಳಿಗ್ಗೆ ಮಂಜು ಇಳಿಯದೆ ಬಿಸಿಲೇ ಬಂತು. ಸ್ಮಶಾನದ ದಾರಿ ಕೂಡುರಸ್ತೆಯನ್ನು ದಾಟಿಯೇ ಹೋಗಬೇಕು. ಅಲ್ಲಿ ಕೆಂಪು ಟೇಪು ಕಟ್ಟಿದ್ದರು, ಹಲಗೆಯ ವೇದಿಕೆ ಹಾಕಿದ್ದರು, ವೇದಿಕೆಯ ಮೇಲೆ ಮಂತ್ರಿ ಬಿಳಿ ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ. ಪಕ್ಕ ಎರಡು ಮರದ ಲಾರಿಗಳು, ಬಾಳೆದಿಂಡಿನ ಹಾಗೆ ಹೊಳೆಯುವ ಹೊಸ ಗರಗಸಗಳು. ಇತ್ತ ಕಡೆ ಪೊಲೀಸ್ ಲಾರಿ, ಹಿಂದಿನ ಹಲಗೆ ಇಳಿಸಿ, ಒಳಗಿನ ಹಿತ್ತಾಳೆಯೆಲ್ಲ ಕಾಣುವ ಹಾಗೆ ಜೋಡಿಸಿದ್ದರು. ಬಿಸಿಲಿಗೆ ಅದು ಕಣ್ಣು ಕುಕ್ಕುತ್ತಿತ್ತು. ಸುಳ್ಳು ಹೇಳಿರಲಿಲ್ಲ ಬರ್ರಗಾನ್. ಒರೆಸಿಯೇ ಇಡಿಸಿದ್ದ.

ಮೆರವಣಿಗೆ ಬೆಟ್ಟದ ತಿರುವಿನಲ್ಲಿ ಕಾಣಿಸಿದಾಗ ಫೋಟೊದವನು ಓಡಿ ಬಂದು ಮುಂದೆ ಮಂಡಿಯೂರಿದ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವನು ಕೆಳಗಿಳಿಸಿದ. ಮತ್ತೆ ಹಿಡಿದ, ಮತ್ತೆ ಇಳಿಸಿದ. ಅವನಿಗೆ ಬೇಕಾದ ಚಿತ್ರ ಅಲ್ಲಿರಲಿಲ್ಲ. ಮುಂದೆ ಖಾಲಿ ಕೈ ಬೀಸುತ್ತ ಬಾಯಿ ತೆರೆದುಕೊಂಡು ಬರುವ ಇಪ್ಪತ್ತೆರಡು ಜನ ಗಂಡಸರು, ಹೆಂಗಸರು, ಅವರ ಹಿಂದೆ ಹೆಗಲ ಮೇಲೆ ಪೆಟ್ಟಿಗೆ, ಅದರ ಹಿಂದೆ ಊರು.

ಸದ್ದು ಮಾತ್ರ ಬ್ಯಾಂಡಿನದೇ. ಮೇಲೆ ಕ್ಲಾರಿನೆಟ್ಟುಗಳ ಮಿ ಫಾ ಮಿ ರೆ, ನಡುವೆ ಟ್ರಂಪೆಟ್ಟುಗಳ ಸೊಲ್, ಕೆಳಗೆ ಕಡ್ಡಿಯಂಥ ಫಿದೆನ್ಸಿಯೊನ ಎದೆಯಿಂದ ಬಂಡೆ ಉರುಳಿದ ಹಾಗೆ ದೊ. ಡೋಲಿನವನು ತನ್ನ ತೊಡೆಯ ಮೇಲೆ ಹೊಡೆದುಕೊಳ್ಳುತ್ತಿದ್ದ. ಯಾರೂ ಚಂದ ಹಾಡುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಬರೆದದ್ದನ್ನು ಒಂದೊಂದಾಗಿ, ಹೆಸರಿಟ್ಟು, ಜೋರಾಗಿ ಕರೆಯುತ್ತಿದ್ದರು. ದುವಿ ಮುಂದೆ ಹಿಮ್ಮುಖವಾಗಿ ನಡೆಯುತ್ತ ಬಲಗೈಯಲ್ಲಿ ತಾಳ ತೋರಿಸುತ್ತಿದ್ದಳು. ಎಡಮುಷ್ಟಿಯಲ್ಲಿ ತುಟಿಯ ತುಂಡು ಬೆಚ್ಚಗಿತ್ತು.

ಮಂತ್ರಿ ಬರ್ರಗಾನ್‌ನ ಕಡೆ ನೋಡಿದ. ಬರ್ರಗಾನ್ ಲಾರಿಯ ಕಡೆ ಓಡಿದ.

ಕೂಡುರಸ್ತೆಯ ನಡುವೆ ಬಂದಾಗ ಎರಡನೆಯ ಭಾಗ ಮುಗಿಯಿತು. ಇಪ್ಪತ್ತೆರಡು ಬಾಯಿ ಒಟ್ಟಿಗೆ ಮುಚ್ಚಿದವು. ಉಳಿದದ್ದು ಕಾಲಿನ ಸದ್ದು. ನೂರಾರು ಚಪ್ಪಲಿ, ನೂರಾರು ಬರಿಗಾಲು, ಒಂದೇ ಹೆಜ್ಜೆ. ಮೂರನೆಯ ಭಾಗ ಶುರುವಾಗಿತ್ತು.

“ಮುಗೀತಾ? ಆಯ್ತಲ್ಲ?” ಬರ್ರಗಾನ್ ಬೊಂಬಾರ್ದಿನೊವನ್ನು ಎರಡು ಕೈಯಲ್ಲಿ ತಬ್ಬಿಕೊಂಡು ದುವಿಯ ಪಕ್ಕಕ್ಕೆ ಬಂದಿದ್ದ. “ತಗೋ ದುವಿ. ನೋಡು, ನಾನೇ ತಂದಿದೀನಿ. ನಿಮ್ಮಪ್ಪಂದು. ಎಲ್ಲರಿಗೂ ಹೇಳು, ತಗೊಳ್ಳಲಿ. ಒಂದೇ ಒಂದು ದಿಯಾನಾ, ಎರಡು ನಿಮಿಷ, ನನ್ನ ಮಾನ ಉಳಿಸು. ಮೇಷ್ಟ್ರು ಇದ್ದಿದ್ರೆ ತಗೋತಿದ್ರು.”

ದುವಿಯ ಕಣ್ಣು ಬಾಯಂಚಿನ ತಗ್ಗಿನ ಮೇಲೆ ಬಿತ್ತು. ಒರೆಸುವವನು ಆ ತಗ್ಗನ್ನೂ ಬಿಟ್ಟಿರಲಿಲ್ಲ, ಅದರೊಳಗೆ ಆಕಾಶ ಹೊಳೆಯುತ್ತಿತ್ತು. ಅದರ ಕತ್ತು ತುಟಿಯ ತುಂಡಿಲ್ಲದೆ ಬೋಳಾಗಿತ್ತು. ಅವಳ ಬಲಗೈ ಮೇಲೆದ್ದಿತು. ಪೆಟ್ಟಿಗೆಯ ಪಕ್ಕ ನಡೆಯುತ್ತಿದ್ದ ಸಾತುರ್ನಿನಾ ಅತ್ತೆಯ ಕಣ್ಣು ಆ ಕೈಯ ಮೇಲೇ ಇತ್ತು. ಕೈ ವಾದ್ಯದ ಅಂಚಿನ ಹತ್ತಿರಕ್ಕೆ, ಒಂದು ಗೇಣು ದೂರಕ್ಕೆ ಹೋಗಿ, ಅಲ್ಲಿಂದ ಇನ್ನೂ ಮೇಲಕ್ಕೆ, ಎಲ್ಲರಿಗೂ ಕಾಣುವಷ್ಟು ಮೇಲಕ್ಕೆ ಹೋಯಿತು. ಎರಡು ಬೆರಳು ಬಿಚ್ಚಿಕೊಂಡವು.

ಎಂಟು ಆವರ್ತ ಮುಗಿದಿತ್ತು.

“ತಗೋ ಅಂತ ಹೇಳ್ತಿದೀನಲ್ಲ! ಇದು ಆಜ್ಞೆ. ಮಂತ್ರಿಗಳು ನೋಡ್ತಿದಾರೆ. ತಗೋ!”

ದುವಿ ಒಮ್ಮೆ ತಲೆಯಾಡಿಸಿದಳು, ತಾಳ ತಪ್ಪದ ಹಾಗೆ. ಬಾಯಿ ತೆರೆಯಲಿಲ್ಲ. ಅವಳ ಪಕ್ಕದಲ್ಲಿ ಲಾರಿಯ ಹಲಗೆ ದಾಟಿತು, ಅವಳ ಕ್ಲಾರಿನೆಟ್ಟು ದಾಟಿತು, ವೇದಿಕೆ ದಾಟಿತು. ಕೆಂಪು ಟೇಪು ಯಾರದೋ ಹೊಟ್ಟೆಗೆ ತಾಗಿ ಸದ್ದಿಲ್ಲದೆ ಬಿದ್ದುಹೋಯಿತು. ಬರ್ರಗಾನ್ ಬೊಂಬಾರ್ದಿನೊವನ್ನು ಕೂಸಿನ ಹಾಗೆ ಎತ್ತಿಕೊಂಡು ಅವಳ ಪಕ್ಕದಲ್ಲಿ ನಡೆಯುತ್ತಲೇ ಇದ್ದ. ಇನ್ನೇನೋ ಹೇಳಲು ಬಾಯಿ ತೆರೆದವನು ಮುಚ್ಚಿದ. ಅವನ ಪಾಲಿಶು ಬೂಟು ಧೂಳಿನಲ್ಲಿ ಉಳಿದವರ ಹೆಜ್ಜೆಯ ಮೇಲೇ ಬೀಳುತ್ತಿತ್ತು.

ಮೂರನೆಯ ಬೆರಳು ಎದ್ದಿತು. ಇನ್ನೂ ನಾಲ್ಕು ಆವರ್ತ ಉಳಿದಿತ್ತು.